ದೀಪಕ್ಕೊಂದು ಮುಟ್ಟಾಳೆ: ಕಡಲಲ್ಲಿರುವ ಕಾನೂನು ದಡದಲ್ಲಿ ಯಾಕಿಲ್ಲ?

ಕಳೆದ ತಿಂಗಳು ಉಡುಪಿಯಲ್ಲಿ ಒಂದು ಸಂಜೆ ಬೆಳಕಿನ ಮಾಲಿನ್ಯದ ಬಗ್ಗೆ, ಅಂದರೆ ಬೇಡದ ಕಡೆ ಬೇಡದ ಹೊತ್ತಿನಲ್ಲಿ ಬೀಳುವ ಬೆಳಕಿನ ಬಗ್ಗೆ, ಮಾತಾಡಲು ಕರೆದಿದ್ದರು. ಬಂದವರಲ್ಲಿ ಕೆಲವರು ಬರೆದು ಕೊಡಿ ಎಂದು ಕೇಳಿದರು. ಅಲ್ಲಿ ಹೇಳಿದ್ದನ್ನೂ, ಸಮಯ ಸಾಲದೆ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮಾತು ಶುರು ಮಾಡುವ ಮೊದಲು ಹಾಲ್‌ನ ಲೈಟುಗಳನ್ನೆಲ್ಲ ಆರಿಸಲು ಹೇಳಿದೆ. ಮೊಬೈಲ್ ಟಾರ್ಚ್ ಹಾಕಿ ನೇರ ಸಭೆಯ ಕಡೆಗೆ ಹಿಡಿದೆ. "ನನ್ನ ಎಡಗೈಯಲ್ಲಿ ಎಂತ ಉಂಟು, ಹೇಳಿ" ಎಂದೆ. ಮುಂದಿನ ಸಾಲಿನವರು ಕಣ್ಣಿಗೆ ಕೈ ಅಡ್ಡ ಹಿಡಿದರು. ಒಬ್ಬರಿಗೂ ಗೊತ್ತಾಗಲಿಲ್ಲ. ಆಮೇಲೆ ಅದೇ ಮೊಬೈಲನ್ನು ತಲೆಗಿಂತ ಮೇಲೆ ಎತ್ತಿ, ನೆಲಕ್ಕೆ ಮುಖ ಮಾಡಿಸಿ, ಎಡಗೈಯಲ್ಲಿದ್ದುದನ್ನು ಅದರ ಮೇಲೆ ಕವುಚಿದೆ. ಅದು ಮುಟ್ಟಾಳೆ, ಅಡಿಕೆ ಹಾಳೆಯ ಟೋಪಿ. ಈಗ ಎಲ್ಲರಿಗೂ ಎಲ್ಲವೂ ಕಂಡಿತು. ನನ್ನ ಮುಖ, ಮೇಜಿನ ಮೇಲಿದ್ದ ನೀರಿನ ಲೋಟ, ವೇದಿಕೆಯ ಅಂಚು, ಕೆಳಗೆ ಇಳಿಯುವ ಮೆಟ್ಟಿಲು. ಬೆಳಕು ಅಷ್ಟೇ ಇತ್ತು, ಒಂಚೂರೂ ಜಾಸ್ತಿ ಮಾಡಿರಲಿಲ್ಲ. ಅದು ಹೋಗುವ ದಿಕ್ಕನ್ನು ಮಾತ್ರ ಬದಲಾಯಿಸಿದ್ದೆ.

ಹೊರಗಿನ ದೀಪಗಳ ಬಗ್ಗೆ ಜಗತ್ತಿನಲ್ಲಿ ಇರುವ ಕಾನೂನುಗಳನ್ನು ಓದುತ್ತಾ ಹೋದರೆ, ಎಲ್ಲವೂ ಸುತ್ತಿ ಬಳಸಿ ಇದನ್ನೇ ಹೇಳುತ್ತವೆ. ಬೆಳಕು ಎಲ್ಲಿಗೆ ಬೀಳಬೇಕು, ಯಾವ ಬಣ್ಣದ್ದಿರಬೇಕು, ಎಷ್ಟು ಗಂಟೆವರೆಗೆ ಉರಿಯಬೇಕು. ದೀಪ ಬೇಡ ಎಂದು ಯಾವ ಕಾನೂನೂ ಹೇಳುವುದಿಲ್ಲ.

ನಮ್ಮ ಕರಾವಳಿಗೆ ಬೆಳಕಿನ ಕಾನೂನು ಹೊಸದೂ ಅಲ್ಲ. ಇದನ್ನು ಹೇಳಿದಾಗ ಸಭೆಯಲ್ಲಿ ಕೆಲವರಿಗೆ ಆಶ್ಚರ್ಯವಾಯಿತು, ಮಲ್ಪೆ ಕಡೆಯಿಂದ ಬಂದಿದ್ದ ಇಬ್ಬರು ಮಾತ್ರ ತಲೆಯಾಡಿಸಿದರು. ಅವರಿಗೆ ಲೈಟ್ ಫಿಶಿಂಗ್ ಗೊತ್ತು. ಬೋಟಿನಲ್ಲಿ ಜನರೇಟರ್ ಇಟ್ಟು, ಕಡಲಿನ ಮೇಲೆ ಅಥವಾ ನೀರಿನ ಒಳಗೇ ದೊಡ್ಡ ದೊಡ್ಡ ಎಲ್‌ಇಡಿ ಉರಿಸುತ್ತಾರೆ. ಬೆಳಕಿಗೆ ಮೀನು ಬಂದು ಸೇರುತ್ತದೆ. ದೊಡ್ಡದು, ಸಣ್ಣದು, ಮರಿ, ಮೊಟ್ಟೆ ಇಡಬೇಕಾದದ್ದು ಎಲ್ಲ ಒಟ್ಟಿಗೆ. ಸುತ್ತಲೂ ಬಲೆ ಬಿಟ್ಟು ಎಳೆದರೆ ಒಂದು ರಾತ್ರಿಯಲ್ಲಿ ಆ ಜಾಗ ಗುಡಿಸಿದ ಹಾಗೆ. ಬೆಳಿಗ್ಗೆ ನಾಡದೋಣಿಯವರು ಹೋದರೆ ಏನೂ ಇಲ್ಲ. ಬಂಗುಡೆ, ಬೂತಾಯಿ ನಂಬಿ ಬದುಕುವವರು ಬೀದಿಗಿಳಿದರು, ಮನವಿ ಕೊಟ್ಟರು, ಬಂದರಿನಲ್ಲಿ ಜಗಳಗಳಾದವು. ಕೊನೆಗೆ 2017ರ ನವೆಂಬರ್ 10ರಂದು ಕೇಂದ್ರ ಸರ್ಕಾರ ಎಲ್‌ಇಡಿ ಬೆಳಕಿನ ಮೀನುಗಾರಿಕೆಯನ್ನೂ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್ ಅನ್ನೂ ನಿಷೇಧಿಸಿ ಆದೇಶ ಹೊರಡಿಸಿತು. ಕದ್ದು ಮುಚ್ಚಿ ಮಾಡುತ್ತಾರೆ ಎನ್ನುವ ದೂರು ಇವತ್ತಿಗೂ ನಿಂತಿಲ್ಲ, ಅದು ಬೇರೆ ಮಾತು. ಬೆಳಕಿನಿಂದ ಜೀವಕ್ಕೂ ಜೀವನಕ್ಕೂ ಏಟು ಬೀಳುತ್ತದೆ ಎಂದು ಸರ್ಕಾರ ಒಪ್ಪಿಕೊಂಡು ಬರೆದುಕೊಟ್ಟಿದೆ, ನನಗೆ ಮುಖ್ಯ ಅದು. ಕಡಲಲ್ಲಿ ಒಪ್ಪಿಕೊಂಡದ್ದನ್ನು ದಡದಲ್ಲಿ ಇನ್ನೂ ಒಪ್ಪಿಕೊಂಡಿಲ್ಲ.

ದಡದಲ್ಲಿ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಅಕ್ಕನ ಮನೆಯ ಕತೆಯನ್ನೇ ಹೇಳುತ್ತೇನೆ. ಅವಳ ಮನೆ ಮಂಗಳೂರಿನಲ್ಲಿ. ಪಕ್ಕದ ಕಟ್ಟಡದವರು ಕಾರು ನಿಲ್ಲಿಸುವ ಜಾಗ ಕಾಣಲಿ ಎಂದು ಗೋಡೆಯ ಮೇಲೆ ದೊಡ್ಡ ಫ್ಲಡ್‌ಲೈಟ್ ಹಾಕಿದರು. ಅದರ ಮುಖ ಸ್ವಲ್ಪ ಮೇಲಕ್ಕಿತ್ತು, ಹಾಗಾಗಿ ಅಕ್ಕನ ಅತ್ತೆ ಮಲಗುವ ಕೋಣೆಯ ಕಿಟಕಿಗೆ ನೇರ ಹೊಡೆಯುತ್ತಿತ್ತು. ಅವರಿಗೆ 78 ವರ್ಷ. ಮೊದಲೇ ನಿದ್ದೆ ಕಡಿಮೆ. ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿದರು. ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆ ಗೊತ್ತಲ್ವಾ, ಬರುವ ಚೂರು ಗಾಳಿಯೂ ನಿಂತಿತು. ಅಜ್ಜಿ ಮಧ್ಯರಾತ್ರಿ ಎದ್ದು ಹಾಲ್‌ನ ನೆಲದ ಮೇಲೆ ಬಂದು ಮಲಗುತ್ತಿದ್ದರು. ಭಾವ ದೂರು ಕೊಡಲು ಹೋದರೆ ಒಂದು ಕಚೇರಿಯವರು ಇದು ಖಾಸಗಿ ಜಾಗ ಎಂದರು, ಇನ್ನೊಂದು ಕಡೆ "ಸೌಂಡ್ ಆದ್ರೆ ಕೇಸ್ ಹಾಕಬಹುದು, ಲೈಟಿಗೆ ಎಂತ ಹಾಕುವುದು ಮಾರಾಯ್ರೆ" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಯಾಕೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ಈ ವಿಷಯದಲ್ಲಿ ತುಂಬ ಮುಖ್ಯ ಅನ್ನಿಸುವ ಭಾಗ ಇದೇ.

ನಮ್ಮಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆ ಇದೆ. ಅದರಲ್ಲಿ ಪರಿಸರ ಮಾಲಿನ್ಯಕಾರಕ ಎಂದರೆ ಘನ, ದ್ರವ ಅಥವಾ ಅನಿಲ ರೂಪದ ವಸ್ತು. ಬೆಳಕು ಈ ಮೂರರಲ್ಲಿ ಯಾವುದೂ ಅಲ್ಲ. 1981ರ ವಾಯು ಕಾಯ್ದೆಯಲ್ಲಿಯೂ ಹಾಗೆಯೇ ಬರೆದಿತ್ತು. ಆ ಲೆಕ್ಕದಲ್ಲಿ ಶಬ್ದವೂ ಮಾಲಿನ್ಯ ಆಗುತ್ತಿರಲಿಲ್ಲ. 1987ರಲ್ಲಿ ತಿದ್ದುಪಡಿ ಮಾಡಿ ಆ ವ್ಯಾಖ್ಯೆಯೊಳಗೆ "ಶಬ್ದವೂ ಸೇರಿದಂತೆ" ಎಂದು ಸೇರಿಸಿದರು. ಸೇರಿಸಿದ್ದು ಅಷ್ಟೇ. ಮುಂದೆ 2000ದಲ್ಲಿ ಶಬ್ದ ಮಾಲಿನ್ಯ ನಿಯಮಗಳು ಬಂದವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ, ಮನೆಗಳಿರುವ ಕಡೆ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್. ಯಕ್ಷಗಾನದವರಿಗೆ ಈ ಹತ್ತು ಗಂಟೆಯ ಲೆಕ್ಕ ಚೆನ್ನಾಗಿ ಗೊತ್ತು. ಇಡೀ ರಾತ್ರಿಯ ಆಟ ಕಾಲಮಿತಿಗೆ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಒಂದು ಪದ ಕಾನೂನಿನೊಳಗೆ ಬಂದರೆ ಚೆಂಡೆಯ ಪೆಟ್ಟು ಎಷ್ಟು ಹೊತ್ತಿಗೆ ನಿಲ್ಲಬೇಕು ಎನ್ನುವುದರವರೆಗೆ ಅದರ ಕೈ ಚಾಚುತ್ತದೆ. ಹಾಗಿದ್ದರೆ "ಬೆಳಕೂ ಸೇರಿದಂತೆ" ಎಂದು ಯಾಕೆ ಸೇರಿಸಬಾರದು? ಜೆಕ್ ದೇಶದವರು 2002ರಲ್ಲಿ ಹೀಗೇ ಮಾಡಿದ್ದರು, ತಮ್ಮ ವಾಯು ಸಂರಕ್ಷಣಾ ಕಾಯ್ದೆಯೊಳಗೇ ಬೆಳಕಿನ ಮಾಲಿನ್ಯವನ್ನು ಸೇರಿಸಿದ್ದರು. ಅಲ್ಲಿ ಆ ಭಾಗ ಮುಂದೆ ಉಳಿಯಲಿಲ್ಲ, ಆದರೆ ದಾರಿ ತೋರಿಸಿತು. 2007ರಲ್ಲಿ ಸ್ಲೊವೇನಿಯಾ ಇಡೀ ದೇಶಕ್ಕೇ ನಿಯಮ ಮಾಡಿತು.

ಈಗಲೂ ಪೂರ್ತಿ ಕೈ ಕಟ್ಟಿ ಕೂರಬೇಕಾಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 270ನೇ ಸೆಕ್ಷನ್ ಸಾರ್ವಜನಿಕ ಉಪದ್ರವದ ಬಗ್ಗೆ. ನಾಗರಿಕ ಸುರಕ್ಷಾ ಸಂಹಿತೆಯ 152ರ ಪ್ರಕಾರ ಅಂಥ ಉಪದ್ರವ ತೆಗೆಸಲು ಉಪವಿಭಾಗದ ದಂಡಾಧಿಕಾರಿ, ಅಂದರೆ ನಮ್ಮಲ್ಲಿ ಸಹಾಯಕ ಕಮಿಷನರ್, ಆದೇಶ ಮಾಡಬಹುದು. ಆದರೆ ಇದು ಊರಿಗೇ ತೊಂದರೆ ಆದಾಗ ಹಿಡಿಯುವ ದಾರಿ. ಒಂದು ಕಿಟಕಿಗೆ ಹೊಡೆಯುವ ಲೈಟಿಗೆ ಅದನ್ನು ಹಿಡಿದು ಗೆಲ್ಲುವುದು ಕಷ್ಟ. ಇನ್ನು 2010ರಲ್ಲಿ ಭಾರತೀಯ ಮಾನಕ ಸಂಸ್ಥೆ ತಂದ ರಾಷ್ಟ್ರೀಯ ಬೆಳಕಿನ ಸಂಹಿತೆ ಉಂಟು. ಒಳ್ಳೆಯ ಪುಸ್ತಕ. ಎಂಜಿನಿಯರ್‌ಗಳಿಗೆ ದಾರಿ ತೋರಿಸುತ್ತದೆ, ತಪ್ಪಿದವನಿಗೆ ದಂಡ ಹಾಕುವುದಿಲ್ಲ.

ಅಕ್ಕನ ಮನೆಯಂಥ ತಕರಾರಿಗೆ ಇಂಗ್ಲೆಂಡಿನವರು 2005ರಲ್ಲಿ ಕಾನೂನು ಮಾಡಿದರು. ಪಕ್ಕದವರ ದೀಪ ಮನೆಯೊಳಗೆ ಬಂದು ತೊಂದರೆ ಕೊಟ್ಟರೆ ಅದು ಶಬ್ದ, ಹೊಗೆ, ವಾಸನೆಯ ಹಾಗೆಯೇ ಉಪದ್ರವ. ಸ್ಥಳೀಯ ಆಡಳಿತ ಬಂದು ನೋಡಲೇಬೇಕು. ಅದರಲ್ಲಿ ಕೆಲವು ಜಾಗಗಳಿಗೆ ವಿನಾಯಿತಿ ಕೊಟ್ಟಿದ್ದಾರೆ, ವಿಮಾನ ನಿಲ್ದಾಣ, ರೈಲ್ವೆ ಜಾಗ, ಕಡಲ ದಂಡೆಯ ದೀಪಸ್ತಂಭ ಹೀಗೆ. ದೀಪಸ್ತಂಭದ ಹೆಸರು ಓದಿದಾಗ ನನಗೆ ನಮ್ಮ ಕಾಪುವಿನ ದೀಪಸ್ತಂಭ ನೆನಪಾಯಿತು. 1901ರಲ್ಲಿ ಕಟ್ಟಿದ್ದು. ಬಂಡೆಯ ಮೇಲೆ ಅದರ ಬುಡದಲ್ಲಿ ರಾತ್ರಿ ಕೂತು ನೋಡಿದ್ದೀರಾ? ತಲೆಯ ಮೇಲೆ ಬೆಳಕಿನ ಕೋಲು ತಿರುಗುತ್ತಾ ಹೋಗುತ್ತದೆ, ಕೂತವನ ಕಣ್ಣಿಗೆ ಕುಕ್ಕುವುದಿಲ್ಲ. ಗಾಜು ಬೆಳಕನ್ನೆಲ್ಲ ಒಟ್ಟು ಮಾಡಿ ಬೋಟಿನವನಿಗೆ ಬೇಕಾದ ಕಡೆಗೆ ಮಾತ್ರ ಎಸೆಯುತ್ತದೆ. ನೂರು ವರ್ಷದ ಹಿಂದೆಯೇ ನಮ್ಮ ಕಡಲ ದಂಡೆಯಲ್ಲಿ ಇಷ್ಟು ಅಚ್ಚುಕಟ್ಟಾದ ದೀಪ ಇತ್ತು. ಈಗ ಅದೇ ದಂಡೆಯ ಕೆಲವು ಕಡೆ ದೀಪಗಳು ಆಕಾಶ ನೋಡುತ್ತಾ ನಿಂತಿವೆ.

ಫ್ರಾನ್ಸಿನದ್ದು ಇನ್ನೂ ವಿವರವಾಗಿದೆ. 2018ರ ಡಿಸೆಂಬರ್ 27ರ ಆದೇಶ. ರಸ್ತೆಯ ಹೊಸ ದೀಪದಿಂದ ಆಕಾಶಕ್ಕೆ ಬೆಳಕು ಹೋಗುವ ಹಾಗಿಲ್ಲ ಎನ್ನುವಷ್ಟು ಬಿಗಿ. ಬಣ್ಣ 3000 ಕೆಲ್ವಿನ್ ದಾಟಬಾರದು. ಅಂಗಡಿಯ ಗಾಜಿನ ಹಿಂದಿನ ದೀಪ ರಾತ್ರಿ 1 ಗಂಟೆಗೆ ಆರಬೇಕು, ಅಂಗಡಿ ಅದಕ್ಕಿಂತ ತಡವಾಗಿ ಮುಚ್ಚಿದರೆ ಮುಚ್ಚಿ ಒಂದು ಗಂಟೆಯೊಳಗೆ. ಇಷ್ಟಾದರೂ ಪ್ಯಾರಿಸ್ ಕತ್ತಲಲ್ಲಿ ಮುಳುಗಿಲ್ಲ. ದಕ್ಷಿಣ ಕೊರಿಯಾ 2012ರಲ್ಲಿ ಕಾಯ್ದೆ ಮಾಡಿ ಕಾಡು, ಹೊಲ, ಮನೆ, ಪೇಟೆ ಎಂದು ಜಾಗಗಳನ್ನು ಬೇರೆ ಬೇರೆ ಮಾಡಿ ಒಂದೊಂದಕ್ಕೆ ಒಂದೊಂದು ಮಿತಿ ಇಟ್ಟಿತು. ಎಲ್ಲಕ್ಕಿಂತ ಹಳೆಯದು ಅಮೆರಿಕದ ಫ್ಲ್ಯಾಗ್‌ಸ್ಟಾಫ್ ಊರಿನದ್ದು. 1958ರಲ್ಲೇ ಜಾಹೀರಾತಿನ ಸರ್ಚ್‌ಲೈಟ್ ನಿಷೇಧಿಸಿದರು, ಅಲ್ಲಿನ ದೂರದರ್ಶಕಗಳಿಗೆ ತೊಂದರೆ ಆಗುತ್ತದೆ ಎಂದು.

ಈ 3000 ಕೆಲ್ವಿನ್ ಎಂದರೇನು ಎಂದು ಒಬ್ಬ ಹುಡುಗ ಕೇಳಿದ. ಮನೆಗೆ ಹೋಗಿ ಬಲ್ಬಿನ ಡಬ್ಬಿ ನೋಡು ಎಂದೆ. ಅದರ ಮೇಲೆ 6500ಕೆ ಎಂದೋ 3000ಕೆ ಎಂದೋ ಇರುತ್ತದೆ. ಎಣ್ಣೆಯ ದೀಪದ ಬಣ್ಣ 2000ದ ಆಸುಪಾಸು, ಹಳೆಯ ಹಳದಿ ಸೋಡಿಯಂ ಬೀದಿದೀಪವೂ ಹೆಚ್ಚುಕಡಿಮೆ ಅಷ್ಟೇ. ಸಂಖ್ಯೆ ಮೇಲೆ ಹೋದ ಹಾಗೆ ನೀಲಿ ಜಾಸ್ತಿ. ಬಿಳಿ ಎಲ್‌ಇಡಿ ಎಂದರೆ ಒಳಗೆ ಇರುವುದು ನೀಲಿ ಎಲ್‌ಇಡಿ, ಮೇಲೆ ಹಳದಿ ಲೇಪ. ಆ ನೀಲಿ ಎಲ್‌ಇಡಿ ಕಂಡುಹಿಡಿದವರಿಗೆ 2014ರಲ್ಲಿ ನೊಬೆಲ್ ಬಂತು, ಬರಬೇಕಾದದ್ದೇ. ಆದರೆ ಗಾಳಿಯಲ್ಲಿ ಜಾಸ್ತಿ ಚದುರುವುದೂ ನೀಲಿಯೇ. ಹಗಲು ಆಕಾಶ ನೀಲಿ ಕಾಣುವುದು ಅದಕ್ಕೆ. ರಾತ್ರಿ ನಮ್ಮ ಬೀದಿದೀಪದ ನೀಲಿ ಹಾಗೇ ಚದುರಿ ಆಕಾಶಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ಬೇರೆ. ಮೋಡ ಕವಿದ ರಾತ್ರಿ ಮಣಿಪಾಲದ ಕಡೆ ನೋಡಿ, ಮೋಡದ ಹೊಟ್ಟೆ ಹೊಳೆಯುತ್ತಿರುತ್ತದೆ. ನಮ್ಮ ಮೈಯೂ ನಿದ್ದೆಗೆ ಸಮಯವಾಯಿತು ಎಂದು ತಿಳಿಯುವುದು ಈ ನೀಲಿ ಕಡಿಮೆಯಾದಾಗಲೇ. ಅಜ್ಜಿಗೆ ನಿದ್ದೆ ಬಾರದಿದ್ದುದಕ್ಕೆ ಕಾರಣ ವಯಸ್ಸೊಂದೇ ಅಲ್ಲ.

2015ರ ಜನವರಿಯಲ್ಲಿ ದೇಶದ ಬೀದಿದೀಪಗಳನ್ನು ಎಲ್‌ಇಡಿ ಮಾಡುವ ಕೇಂದ್ರದ ಯೋಜನೆ ಶುರುವಾಯಿತು. ಕರೆಂಟ್ ಉಳಿಯಿತು, ಒಳ್ಳೆಯದೇ. ಆದರೆ ಬಿಲ್ ಕಡಿಮೆ ಬರುತ್ತದೆ ಎಂದು ಒಂದಿದ್ದ ಕಡೆ ನಾಲ್ಕು ಹಾಕಿದೆವು, ಆರಿಸುವುದನ್ನೂ ಬಿಟ್ಟೆವು. ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಹಲವು ದೇಶಗಳ ಸಾಮಾನ್ಯ ಜನರು 2011ರಿಂದ 2022ರವರೆಗೆ ಬರಿಗಣ್ಣಲ್ಲಿ ನಕ್ಷತ್ರ ನೋಡಿ ಕಳಿಸಿದ ಲೆಕ್ಕ ಸೇರಿಸಿದಾಗ, ರಾತ್ರಿಯ ಆಕಾಶದ ಬೆಳಕು ವರ್ಷಕ್ಕೆ ಸುಮಾರು 9.6 ಶೇಕಡಾ ಏರುತ್ತಿದೆ ಎಂದು ಗೊತ್ತಾಯಿತು. 2023ರಲ್ಲಿ ಅದು ಪ್ರಕಟವಾಯಿತು. ಅದೇ ವೇಗದಲ್ಲಿ ಹೋದರೆ, ಮಗು ಹುಟ್ಟಿದಾಗ ಒಂದು ಊರಿನಲ್ಲಿ 250 ನಕ್ಷತ್ರ ಕಾಣುತ್ತಿದ್ದರೆ ಆ ಮಗುವಿಗೆ 18 ತುಂಬುವಾಗ 100 ಉಳಿಯುತ್ತದೆ. ಇದನ್ನು ಓದಿದ ದಿನ ನನಗೆ ನಿಜಕ್ಕೂ ಸಂಕಟ ಆಯಿತು. ಚಿಕ್ಕಂದಿನಲ್ಲಿ ಬಯಲಾಟ ನೋಡಿ ಗದ್ದೆಯ ಹುಣಿಯ ಮೇಲೆ ಮನೆಗೆ ಬರುವಾಗ ಅಪ್ಪ ಕೃತ್ತಿಕೆಯ ನಕ್ಷತ್ರ ಗೊಂಚಲು ತೋರಿಸುತ್ತಿದ್ದರು, ಅದು ನೆತ್ತಿಗೆ ಬಂದರೆ ಇಷ್ಟು ಹೊತ್ತು ಎಂದು ಹೇಳುತ್ತಿದ್ದರು. ಈಗ ನನ್ನ ಶಾಲೆಯ ಮಕ್ಕಳಿಗೆ ಆಕಾಶಗಂಗೆ ತೋರಿಸಬೇಕಾದರೆ ಪಿಲಿಕುಳದ ತಾರಾಲಯಕ್ಕೆ ಕರೆದುಕೊಂಡು ಹೋಗುತ್ತೇನೆ. ಅದು ಚೆನ್ನಾಗಿದೆ, ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಆದರೂ ಚಾವಣಿಯ ಮೇಲಿನ ಆಕಾಶ ಅದು.

ನಕ್ಷತ್ರ ಹೋದರೆ ಹೋಗಲಿ ಎನ್ನುವವರು ಕಡಲಾಮೆಯ ಮರಿಯನ್ನಾದರೂ ನೋಡಬೇಕು. ಕುಂದಾಪುರ, ಮರವಂತೆ ಕಡೆ ಆಲಿವ್ ರಿಡ್ಲೆ ಆಮೆ ಬಂದು ಮೊಟ್ಟೆ ಇಡುವುದು ಅಲ್ಲಿನವರಿಗೆ ಗೊತ್ತು. 2024ರ ಆರಂಭದಲ್ಲಿ ಮಂಗಳೂರಿನ ಸಸಿಹಿತ್ಲು ಕಡೆಯೂ ಮೊಟ್ಟೆ ಸಿಕ್ಕಿ ಸುದ್ದಿಯಾಯಿತು. ಒಂದು ಗೂಡಿನಲ್ಲಿ ನೂರರ ಹತ್ತಿರ ಮೊಟ್ಟೆ. ಐವತ್ತು ದಿನದ ಆಚೀಚೆ ಮರಿಗಳು ರಾತ್ರಿ ಮರಳು ಸರಿಸಿ ಮೇಲೆ ಬರುತ್ತವೆ. ಕಡಲು ಯಾವ ಕಡೆ ಎಂದು ಹೇಳಿಕೊಡಲು ತಾಯಿ ಇರುವುದಿಲ್ಲ. ಅವುಗಳಿಗೆ ಗೊತ್ತಿರುವುದು ಒಂದೇ, ಎಲ್ಲಿ ಬೆಳ್ಳಗೆ ಕಾಣುತ್ತದೋ ಆ ಕಡೆ ಹೋಗುವುದು. ಲಕ್ಷಾಂತರ ವರ್ಷ ಅದು ಸರಿಯಾಗಿಯೇ ಇತ್ತು, ಯಾಕೆಂದರೆ ದಡದ ಕಡೆ ಕಪ್ಪು ಮರಗಳು, ಕಡಲಿನ ಕಡೆ ನಕ್ಷತ್ರದ ಬೆಳಕಲ್ಲಿ ಮಿನುಗುವ ನೀರು. ಈಗ ದಡದ ಕಡೆ ಹೋಟೆಲಿನ ದೀಪ. ಮರಿ ರಸ್ತೆಯ ಕಡೆ ತೆವಳುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಈ ಆಮೆಯ ಹೆಸರಿದೆ, ಹುಲಿಗೆ ಇರುವಷ್ಟೇ ರಕ್ಷಣೆ. ಅಮೆರಿಕದ ಫ್ಲೋರಿಡಾದ ಕಡಲ ಊರುಗಳಲ್ಲಿ ಆಮೆ ಬರುವ ತಿಂಗಳುಗಳಲ್ಲಿ ಮರಳಿನಿಂದ ಕಾಣುವ ದೀಪವನ್ನು ಆರಿಸಬೇಕು ಅಥವಾ ಮರೆ ಮಾಡಬೇಕು, ಬೇಕೇ ಬೇಕಾದ ಕಡೆ ಕೆಂಪು ಮಿಶ್ರಿತ ಹಳದಿ ದೀಪ. ನಮ್ಮಲ್ಲಿ ಆಮೆ ಬರುವ ತಿಂಗಳಲ್ಲೇ ಬೀಚಿನಲ್ಲಿ ಉತ್ಸವಗಳು. ಉತ್ಸವ ಬೇಡ ಎನ್ನುವುದಿಲ್ಲ. ಮುಗಿದ ಮೇಲೆ ಲೈಟ್ ಆರಿಸಬಹುದಲ್ವಾ?

ಮಿಂಚುಹುಳದ್ದೂ ಇದೇ ಪಾಡು. ಮೇ ಕೊನೆಯ ಪತ್ತನಾಜೆ ಕಳೆದು ಮೊದಲ ಮಳೆ ಬೀಳುವ ಹೊತ್ತಿಗೆ ತೋಟದಲ್ಲಿ ಗಂಡು ಹುಳ ಮಿನುಗಿ ಕರೆಯುತ್ತದೆ, ಹೆಣ್ಣು ಮಿನುಗಿ ಉತ್ತರ ಕೊಡುತ್ತದೆ. ತೋಟದ ಬದಿಯಲ್ಲಿ ರಾತ್ರಿಯಿಡೀ ಬಿಳಿ ದೀಪ ಇದ್ದರೆ ಆ ಕರೆ ಕಾಣುವುದೇ ಇಲ್ಲ. ಬೀದಿದೀಪದ ಕೆಳಗಿನ ಭತ್ತವೂ ಹಾಗೆಯೇ, ರಾತ್ರಿ ಉದ್ದವಾಯಿತು ಎಂದು ತಿಳಿದ ಮೇಲೆ ತೆನೆ ಬಿಡುವ ತಳಿಗಳು ದೀಪದ ಬುಡದಲ್ಲಿ ಹಸಿರಾಗಿಯೇ ನಿಲ್ಲುತ್ತವೆ.

ಪ್ರಶ್ನೆಯ ಸಮಯದಲ್ಲಿ ಒಬ್ಬರು ಎದ್ದು ನಿಂತು, "ಮಾಸ್ಟ್ರೆ, ನಾನು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಇರುವುದು. ಬಸ್ ಇಳಿಯುವಾಗ ರಾತ್ರಿ ಒಂಬತ್ತೂವರೆ. ಲೈಟ್ ಕಡಿಮೆ ಮಾಡಿ ಅಂತ ನೀವು ಹೇಳಿದ್ರೆ ನಾವು ಹೆಂಗಸರು ನಡೆಯುವುದು ಹೇಗೆ?" ಎಂದರು. ಸಭೆಯಲ್ಲಿ ಬಂದ ಎಲ್ಲ ಪ್ರಶ್ನೆಗಳಲ್ಲಿ ಇದೇ ದೊಡ್ಡದು. ನಾನು ಕೇಳಿದೆ, "ಅಕ್ಕ, ನಿಮ್ಮ ಸ್ಟಾಪಿನಲ್ಲಿ ಈಗ ಲೈಟ್ ಹೇಗುಂಟು?" ಅವರು ಹೇಳಿದರು, ಎದುರಿಗೆ ದೊಡ್ಡ ಹೋರ್ಡಿಂಗ್, ಕಣ್ಣಿಗೆ ಕುಕ್ಕುವಷ್ಟು ಲೈಟ್. ಅದನ್ನು ದಾಟಿ ಒಳರಸ್ತೆಗೆ ತಿರುಗಿದರೆ ಕಂಬ ಇದೆ, ದೀಪ ಉರಿಯುವುದಿಲ್ಲ. ತಿರುವಿನಲ್ಲಿ ಯಾರಾದರೂ ನಿಂತಿದ್ದರೂ ಗೊತ್ತಾಗುವುದಿಲ್ಲ.

ಅವರ ಮಾತಿನಲ್ಲೇ ಎಲ್ಲ ಇತ್ತು. ಜೋರು ಬೆಳಕು ನೋಡಿದ ಕಣ್ಣು ಒಮ್ಮೆಲೇ ಕತ್ತಲಿಗೆ ಹೊಂದಿಕೊಳ್ಳುವುದಿಲ್ಲ, ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಆ ಹೋರ್ಡಿಂಗ್ ಅವರಿಗೆ ದಾರಿ ತೋರಿಸುತ್ತಿಲ್ಲ, ತಿರುವಿನಲ್ಲಿ ನಿಂತವನನ್ನು ಮುಚ್ಚಿಡುತ್ತಿದೆ. ನಾನು ಕೇಳುವ ಕಾನೂನು ಬಂದರೆ ಹೋರ್ಡಿಂಗ್ ಕಣ್ಣಿಗೆ ಕುಕ್ಕುವುದಿಲ್ಲ, ಹತ್ತು ಗಂಟೆಯ ಮೇಲೆ ಆರಿಯೇ ಹೋಗುತ್ತದೆ, ಒಳರಸ್ತೆಯ ಕಂಬದ ದೀಪ ಕೆಳಗೆ ಮುಖ ಮಾಡಿ ರಾತ್ರಿಯಿಡೀ ಉರಿಯುತ್ತದೆ. ಬಸ್ ಇಳಿದು ಬರುವ ಆ ಅಕ್ಕ ನಡೆಯುವ ದಾರಿಯಿಂದ ಒಂದು ದೀಪವನ್ನೂ ಯಾರೂ ತೆಗೆಯಬಾರದು. ಇದನ್ನು ಅಲ್ಲಿಯೂ ಹೇಳಿದೆ, ಇಲ್ಲಿಯೂ ಹೇಳುತ್ತೇನೆ.

ದೆಹಲಿಯಲ್ಲಿ ಕಾನೂನು ಬರುವವರೆಗೆ ಕಾಯಬೇಕಾ? ಬೇಡ. ನಮ್ಮ ದೇಶದಲ್ಲೇ ಲಡಾಖಿನ ಹಾನ್ಲೆ ಸುತ್ತಲಿನ ಜಾಗವನ್ನು 2022ರ ಡಿಸೆಂಬರಿನಲ್ಲಿ ಕತ್ತಲ ಆಕಾಶದ ಮೀಸಲು ಜಾಗ ಎಂದು ಘೋಷಿಸಿದರು. ಅಲ್ಲಿನ ದೊಡ್ಡ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಖಭೌತ ಸಂಸ್ಥೆ, ಹೊಸಕೋಟೆಯಿಂದಲೇ ಉಪಗ್ರಹದ ಮೂಲಕ. ಅಲ್ಲಿ ಹಳ್ಳಿಯವರನ್ನೇ ಜೊತೆಗೆ ಸೇರಿಸಿಕೊಂಡರು. ಅವರಿಗೆ ತರಬೇತಿ, ಟೆಲಿಸ್ಕೋಪ್ ಕೊಟ್ಟರು. ನೋಡಲು ಬರುವವರಿಂದ ಅವರಿಗೆ ದುಡ್ಡೂ ಬರುತ್ತದೆ. 2024ರಲ್ಲಿ ಮಹಾರಾಷ್ಟ್ರದ ಪೆಂಚ್ ಹುಲಿ ಕಾಡಿಗೂ ಕತ್ತಲ ಆಕಾಶದ ಮನ್ನಣೆ ಸಿಕ್ಕಿತು. ನಮ್ಮಲ್ಲಿ ಹಾನ್ಲೆಯ ಆಕಾಶ ಬರುವುದಿಲ್ಲ. ಆದರೆ ಬೀದಿದೀಪ ಪಂಚಾಯತಿನ ಕೈಯಲ್ಲಿದೆ. ಯಾವ ದೀಪ ತರಿಸಬೇಕು ಎಂದು ಟೆಂಡರಿನಲ್ಲಿ ಬರೆಯುವವರು ಅವರೇ. ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡು ಸಾಲು ಸೇರಿಸಿ ಎಂದು ಕೇಳುವ ಹಕ್ಕು ನಮಗೆಲ್ಲ ಇದೆ: ಹೊಸ ದೀಪ 3000 ಕೆಲ್ವಿನ್‌ಗಿಂತ ಮೇಲೆ ಬೇಡ, ದೀಪದ ಮುಖ ನೆಲಕ್ಕೆ ಸಮವಾಗಿ ಇರಬೇಕು.

ನಮ್ಮ ಓಣಿಯಲ್ಲಿ ಅಷ್ಟೂ ಬೇಕಾಗಲಿಲ್ಲ. ಹೊಸ ದೀಪದ ಕೈ ಮೇಲಕ್ಕೆ ವಾಲಿತ್ತು, ತೆಂಗಿನ ಗರಿಗೆಲ್ಲ ಬೆಳಕು, ನಾಗಜ್ಜಿ ಮನೆಯ ಮೆಟ್ಟಿಲಿಗೆ ನೆರಳು. ಪಂಚಾಯತಿನ ದೀಪ ನೋಡಿಕೊಳ್ಳುವ ಹುಡುಗ ಬಂದಾಗ ತೋರಿಸಿದೆ. ಅವನು ಏಣಿ ಇಟ್ಟು ಹತ್ತಿ, ಸ್ಪ್ಯಾನರ್ ಹಾಕಿ ನಟ್ ಸಡಿಲಿಸಿ, ದೀಪವನ್ನು ಕೆಳಗೆ ಬಗ್ಗಿಸಿ ಮತ್ತೆ ಬಿಗಿ ಮಾಡಿದ. ಐದು ನಿಮಿಷದ ಕೆಲಸ. ಆ ರಾತ್ರಿ ನಾಗಜ್ಜಿ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಲಿಲ್ಲ. ಅಕ್ಕನ ಮನೆಯಲ್ಲೂ ಕೊನೆಗೆ ಆದದ್ದು ಇದೇ. ಭಾವ ಪಕ್ಕದ ಕಟ್ಟಡದ ಸೆಕ್ರೆಟರಿಯನ್ನು ಮನೆಗೆ ಕರೆದು ಅಜ್ಜಿಯ ಮಂಚದ ಮೇಲೆ ಕೂರಿಸಿ ಕಿಟಕಿ ತೋರಿಸಿದರು. ಅವರಿಗೆ ಗೊತ್ತೇ ಇರಲಿಲ್ಲ. ಮರುದಿನ ವಾಚ್‌ಮನ್ ಕೈಯಲ್ಲಿ ದೀಪ ಬಗ್ಗಿಸಿದರು. ಬೆಡ್‌ಶೀಟ್ ಬಿಚ್ಚಿದರು.

ಮುಂದಿನ ಅಮಾವಾಸ್ಯೆಯ ಸಂಜೆ ಏಳೂವರೆಗೆ ಪಡುಕೆರೆಯ ಮರಳಿನಲ್ಲಿ ಸೇರುತ್ತೇವೆ. ಮಲ್ಪೆ ಬಂದರಿಗೆ ಬೆನ್ನು ಹಾಕಿ ಕೂತು ಕೃತ್ತಿಕೆಯಲ್ಲಿ ಎಷ್ಟು ನಕ್ಷತ್ರ ಕಾಣುತ್ತದೆ ಎಂದು ಎಲ್ಲರೂ ಬೇರೆ ಬೇರೆ ಎಣಿಸಿ ಬರೆದುಕೊಳ್ಳುವುದು. ಕಳೆದ ವರ್ಷ ಮಕ್ಕಳು ಆರು ಎಣಿಸಿದ್ದರು. ಟಾರ್ಚ್ ತರುವವರು ಅದರ ಬಾಯಿಗೆ ಕೆಂಪು ಕಾಗದ ಸುತ್ತಿಕೊಂಡು ಬನ್ನಿ.